ಇರಲೇನು, ಹೋಗಲೇನು

ಅಕ್ಕ ಮನೆ ಬಿಟ್ಟು ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಎಲ್ಲರ ತಿಂಡಿ ಮುಗಿದ ಮೇಲೆ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ಗಂಡನ ಅಣ್ಣನ ಹೆಂಡತಿ. ಪಾತ್ರೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, "ಹಾಗಾದ್ರೆ ನಾನು ಹೊರಡ್ತೀನಿ ಕಣೇ" ಅಂದಳು. ಅಂಗಡಿಗೆ ಹೊರಟಿದ್ದಾಳೆ ಅಂದುಕೊಂಡು ನಾನು, "ಬರ್ತಾ ಬಟ್ಟೆ ಸೋಪು ತಗೊಂಡ್ ಬಾ" ಅಂದೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದಾಳೆ ಅನ್ನುವುದು ಗೊತ್ತಾಯಿತು. ಆದರೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕಣ್ಣು ಉರಿಯುತ್ತಿತ್ತು, ತಲೆ ಎತ್ತುವ ಪುರುಸೊತ್ತಿರಲಿಲ್ಲ. ಆಮೇಲೆ ಕೆಳಗೆ ವ್ಯಾನಿನ ಬಾಗಿಲು ಬಡಿದ ಸದ್ದು ಕೇಳಿತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ನಾವಿಬ್ಬರೂ ಕೆಲಸ ಮಾಡುವ ಲಾಂಡ್ರಿಯ ವ್ಯಾನು. ಹಿಂದೆ ಅಕ್ಕನ ಮಡಚುವ ಮಂಚ, ಸುತ್ತಿದ ಹಾಸಿಗೆ, ಒಂದು ಸೂಟ್‌ಕೇಸು. ಮುಂದೆ ಡ್ರೈವರ್ ಪಕ್ಕದಲ್ಲಿ ಅಕ್ಕ.

ನಮ್ಮನೆಯವರು ಕೈ ಕೊಡವಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಮಂಚ ಇಳಿಸಿಕೊಟ್ಟ ಪುಣ್ಯಾತ್ಮರು ಅವರೇ.

"ಎಲ್ಲಿಗೆ ಹೋದ್ಲು?"

"ಲಾಂಡ್ರಿ ಹಿಂದಿನ ಬೀದಿಯಲ್ಲಿ ರೂಮು ಮಾಡಿದಾರಂತೆ. ಇನ್ಮೇಲೆ ಅಲ್ಲೇ ಇರ್ತಾರಂತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಎಲ್ಲಾ ಗೊತ್ತು, ನೀನು ಒಪ್ಪಿದೀಯ ಅಂದ್ರಲ್ಲ ಅತ್ತಿಗೆ," ಅಂದರು ಅವರು, ನನ್ನ ಮುಖ ನೋಡಿ ಗಾಬರಿಯಾಗಿ. "ಅದಕ್ಕೇ ನಾನೂ ಸುಮ್ನಿದ್ದೆ."

ನನಗೆ ಏನೆಂದರೆ ಏನೂ ಗೊತ್ತಿರಲಿಲ್ಲ. ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಮೇಜಿನ ಮುಂದೆ ನಿಂತು ದುಡಿದು, ಮತ್ತೆ ಒಂದೇ ಬಸ್ಸಿನಲ್ಲಿ ಮನೆಗೆ ಬರುವ ಹೆಂಗಸು, ನನಗೊಂದು ಮಾತು ಹೇಳದೆ ಹೋದಳಲ್ಲ ಅಂತ ಸಿಟ್ಟು ಬಂತು. ಸಾಲದ್ದಕ್ಕೆ ನಾನು ಒಪ್ಪಿದ್ದೇನೆ ಅಂತ ಬೇರೆ ಸುಳ್ಳು. ಅವತ್ತು ಅತ್ತಷ್ಟು ನಾನು ನಮ್ಮತ್ತೆ ಸತ್ತಾಗಲೂ ಅಳಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆ ಸತ್ತಾಗ ನಾನು ಅತ್ತಿರಲೇ ಇಲ್ಲ, ಅತ್ತದ್ದೂ ಅಕ್ಕನೇ. ನನಗೆ ಬೇಕಾಗಿದ್ದು ಇಷ್ಟೇ. ಯಾಕೆ ಹೀಗೆ ಮಾಡಿದಳು, ವಾಪಸ್ ಬರುತ್ತಾಳೋ ಇಲ್ಲವೋ. ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ನನ್ನ ಸಿಟ್ಟು ಬಿಡಲಿಲ್ಲ.

ಅಕ್ಕನ ಬದುಕು ಹೇಳಬೇಕೆಂದರೆ ಮೊದಲು ಆ ಮಂಚದ ವಿಷಯ ಹೇಳಬೇಕು. ನಮ್ಮದು ಎರಡು ಕೋಣೆ, ಒಂದು ಹಾಲ್ ಇರುವ ಮನೆ. ಭಾವ ಕಾಯಿಲೆ ಬಿದ್ದು ತೀರಿಕೊಂಡಾಗ ಅಕ್ಕನಿಗೆ ಇನ್ನೂ ತಲೆ ನೆರೆತಿರಲಿಲ್ಲ. ಮಕ್ಕಳಿಲ್ಲ. ಅವರಿಬ್ಬರ ಕೋಣೆಯನ್ನು ಕಾಲು ಬಿದ್ದುಹೋದ ಅತ್ತೆಗೆ ಬಿಟ್ಟುಕೊಟ್ಟು ಅವಳು ಹಾಲ್‌ಗೆ ಬಂದಳು. ಅತ್ತೆ ಹೋದ ಮೇಲೆ ಆ ಕೋಣೆ ನನ್ನ ಮಗಳಿಗೆ ಬಂತು, ಓದುವ ಹುಡುಗಿ ಅಂತ. ಅಕ್ಕ ಹಾಲ್‌ನಲ್ಲೇ ಉಳಿದಳು. ಮಂಚ ಬಿಚ್ಚಿದರೆ ಟಿವಿಗೆ ಅಡ್ಡ. ಹಾಗಾಗಿ ಮನೆಯವರೆಲ್ಲ ನೋಡುವುದನ್ನೆಲ್ಲ ನೋಡಿ ಮುಗಿಸುವ ತನಕ ಅವಳು ಕುರ್ಚಿಯ ಮೇಲೆ ತೂಕಡಿಸುತ್ತಾ ಕೂತಿರುತ್ತಿದ್ದಳು. "ಮಲಗ್ತೀಯಾ ಅಕ್ಕ?" ಅಂದರೆ, "ನೀವು ನೋಡಿ, ನಂಗೆಲ್ಲಿ ನಿದ್ದೆ" ಅನ್ನುತ್ತಿದ್ದಳು, ಕಣ್ಣು ಮುಚ್ಚಿಕೊಂಡೇ. ಬೆಳಿಗ್ಗೆ ಬಚ್ಚಲಿಗೆ ಹೋಗುವವರಿಗೆ ದಾರಿ ಬೇಕು, ಅದಕ್ಕೆ ಎಲ್ಲರಿಗಿಂತ ಮೊದಲು ಎದ್ದು ಮಂಚ ಮಡಚಿಡುತ್ತಿದ್ದಳು. ನಾವು ಇದನ್ನೆಲ್ಲ ನೋಡುತ್ತಲೇ ಇದ್ದೆವು. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ, ಏನು ಮಾಡುವುದು.

ಇನ್ನೊಂದು, ಅಕ್ಕನಿಗೆ ಯಾವ ಮಾತನ್ನೂ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ. ನಾನು ಬಾಯಿಬಡುಕಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ತದ್ವಿರುದ್ಧ. ನನ್ನ ಅಡುಗೆಗೆ ಉಪ್ಪು ಹೆಚ್ಚಾದರೆ, "ಇವತ್ತು ಯಾಕೋ ಬಾಯಾರಿಕೆ" ಅನ್ನುವಳು. ಕಣ್ಣು ಮಂಜಾಗಿ ಕನ್ನಡಕ ಬೇಕಾದಾಗ, ನಮ್ಮನೆಯವರ ಎದುರಿಗೆ ಪೇಪರನ್ನು ಕೈ ಚಾಚಿದಷ್ಟು ದೂರ ಹಿಡಿದು ಒಂದು ವಾರ ಓದಿದಳು. ಕೊನೆಗೆ ಅವರು, "ಅತ್ತಿಗೆ, ಪೇಪರ್ ನಂಗೆ ತಾಗ್ತಿದೆ" ಅಂದರು. ಕನ್ನಡಕ ಬರಬೇಕಾದರೆ ಮತ್ತೊಂದು ವಾರ ಹಿಡಿಯಿತು.

ನಮ್ಮ ಕೆಲಸ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ, ಮಡಿಸುವ ವಿಭಾಗ. ಹಾಸಿಗೆಯ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ಗೌನು. ಒಗೆಯುವ ಮೆಷಿನ್‌ಗಳು ಆಚೆ ಗೋಡೆಗೆ ಇವೆ, ಆದರೂ ಅವುಗಳ ಗುಡುಗಾಟ ಕಾಲಿನಿಂದ ಹಲ್ಲಿನ ತನಕ ಬರುತ್ತದೆ. ಶೀಟು ಒಬ್ಬರ ಕೈಯಲ್ಲಿ ಮಡಿಸುವ ವಸ್ತುವಲ್ಲ. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿದು ಜಗ್ಗಬೇಕು, ಒಂದು ಮಡಿಕೆ ಹಾಕಬೇಕು, ಮುಂದೆ ಬಂದು ಮೂಲೆಗಳನ್ನು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಕೊಡಬೇಕು, ಮತ್ತೆ ಹಿಂದೆ ಹೋಗಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ. ಮೂಗಿನ ತುಂಬ ಹತ್ತಿಯ ಧೂಳು, ಭುಜದಲ್ಲಿ ಸೀಸ ತುಂಬಿದ ಹಾಗೆ. ನನ್ನ ಎದುರಿಗೆ ನಿಲ್ಲುವವಳು ಯಾವಾಗಲೂ ಅಕ್ಕನೇ.

ಅವಳಿಗೆ ಹಾಡಿನ ಹುಚ್ಚು ಹಿಡಿಸಿದ್ದು ನಮ್ಮ ವ್ಯಾನ್ ಡ್ರೈವರ್. ಬಟ್ಟೆಯ ಮೂಟೆ ಇಳಿಸುವಾಗ ವ್ಯಾನಿನ ಬಾಗಿಲು ತೆರೆದಿಟ್ಟು ಹಾಡು ಹಾಕಿಕೊಳ್ಳುವುದು ಅವನ ಅಭ್ಯಾಸ. ಒಂದು ದಿನ ಅಕ್ಕ ಕೈಯಲ್ಲಿ ಮೂಟೆ ಹಿಡಿದುಕೊಂಡೇ ಅಲ್ಲಿ ನಿಂತುಬಿಟ್ಟಳು. ಒಬ್ಬಳು ಹೆಂಗಸು ಹಲ್ಲುನೋವಿನ ಬಗ್ಗೆ ಹಾಡುತ್ತಿದ್ದಳು. ಹೌದು, ಹಲ್ಲುನೋವು. ಎಲ್ಲರೂ ಮಲಗಿದ ಮನೆಯಲ್ಲಿ ದವಡೆ ಹಿಡಿದುಕೊಂಡು ಓಡಾಡುವ ಹೆಂಗಸಿನ ಹಾಡು.

"ಯಾರಪ್ಪ ಇವಳು?" ಅಂತ ಅಕ್ಕ ಕೇಳಿದಳು.

"ದೊಡ್ಡ ಹೆಸರೇನಿಲ್ಲ ಅಕ್ಕ. ಯಾವುದೋ ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡ್ತಾಳಂತೆ. ತಾನೇ ಬರೀತಾಳೆ, ತಾನೇ ಹಾಡ್ತಾಳೆ."

ಅಜ್ಜಿಯರ ಕಾಲದ ಜೋಗುಳದ ಧಾಟಿ, ಕಳೆ ಕೀಳುವವರ ಹಾಡಿನ ಧಾಟಿ, ಅದಕ್ಕೆ ಈ ಕಾಲದ ಮಾತು, ಜೊತೆಗೊಂದು ಗಿಟಾರ್. ಅಷ್ಟೇ ಅವಳ ಬಂಡವಾಳ. ಬಾಡಿಗೆ ಮನೆ ಖಾಲಿ ಮಾಡುವ ಹಾಡು, ನೀರಿನ ಟ್ಯಾಂಕರ್‌ಗೆ ಕಾಯುವ ಹಾಡು, ಕೆಲಸ ಹೋದ ಅಪ್ಪನ ಹಾಡು. ಡ್ರೈವರ್ ಎಲ್ಲವನ್ನೂ ಅಕ್ಕನ ಫೋನಿಗೆ ಕಳಿಸಿದ. ಮುಗಿಯಿತು ಕಥೆ. ನಮ್ಮ ಅಕ್ಕ, ಜೀವಮಾನದಲ್ಲಿ ತನಗಾಗಿ ಒಂದು ಹೇರ್‌ಪಿನ್ ಕೇಳದವಳು, ಹಾಡಿಗೆ ಬಿದ್ದಳು.

ಒಬ್ಬಳಿಂದ ಇನ್ನೊಬ್ಬ, ಇನ್ನೊಬ್ಬನಿಂದ ಮತ್ತೊಬ್ಬರು ಅಂತ ಹುಡುಕುತ್ತಾ ಹೋದಳು. ಗೊಗ್ಗರು ದನಿಯ ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕರು. ಜಗಳವಾಡುತ್ತಲೇ ಹಾಡುವ ಅಕ್ಕತಂಗಿ ಸಿಕ್ಕರು. ಸಿಕ್ಕಿದ್ದನ್ನು ಒಬ್ಬಳೇ ಕೇಳಿಕೊಂಡು ತೆಪ್ಪಗಿರಬಾರದೇ? ಇಲ್ಲ, ಎಲ್ಲರಿಗೂ ಕೇಳಿಸಬೇಕು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನವಳ ಮುಂದೆ ಫೋನ್ ಹಿಡಿದು, "ಇದೊಂದು ಕೇಳು, ಬರೀ ಇದೊಂದು" ಅಂತ ದುಂಬಾಲು ಬೀಳುವಳು. ಕ್ಯಾಂಟೀನಿನವಳು ಕೆಲಸ ಹೋದ ಅಪ್ಪನ ಹಾಡು ಕೇಳಿ ಸೌಟು ಕೆಳಗಿಟ್ಟು ಗೊಳೋ ಅಂತ ಅತ್ತಳು, ಸಾಲಿನಲ್ಲಿ ನಿಂತವರೆಲ್ಲ ಅಕ್ಕನನ್ನು ಬೈದರು. ನಮ್ಮ ಸೂಪರ್‌ವೈಸರ್, "ಇದರಲ್ಲಿ ಡ್ರಮ್ ಯಾವಾಗ ಬರುತ್ತೆ?" ಅಂತ ಕೊನೆಯ ತನಕ ಕಾದು ಬೇಜಾರಾಗಿ ಹೋದರು. ನಮ್ಮನೆಯವರು ಮೊದಲ ಸಾಲಿಗೇ ಗೊರಕೆ. ಲಾಂಡ್ರಿಯಲ್ಲಿ ಅವಳಿಗೆ ಹಾಡಕ್ಕ ಅಂತ ಹೆಸರು ಬಿತ್ತು. ಅವಳು ಬರುವುದನ್ನು ಕಂಡರೆ ಕೆಲವರು ಇಲ್ಲದ ಕೆಲಸ ನೆನಪು ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಆದರೆ ಒಂದು ಬದಲಾವಣೆ ಆಯಿತು. ನೆಟ್ಟಗೆ ಮಾತು ಬಾರದ ಅಕ್ಕನಿಗೆ ಈ ಹಾಡುಗಳೇ ಬಾಯಿ ಆದವು. ಒಮ್ಮೆ ನಾವಿಬ್ಬರೂ ಏನೋ ಹಾಳು ವಿಷಯಕ್ಕೆ ಮುನಿಸಿಕೊಂಡಾಗ, ಆ ಜಗಳದ ಅಕ್ಕತಂಗಿಯರ ಹಾಡು ಹಾಕಿದಳು. ಒಬ್ಬಳ ಸೀರೆ ಇನ್ನೊಬ್ಬಳು ಉಟ್ಟು ಹರಿದ ಕಥೆ. ನನಗೆ ನಗು ತಡೆಯಲಾಗಲಿಲ್ಲ, ಅಲ್ಲಿಗೆ ರಾಜಿ. ಮಗಳು ಪರೀಕ್ಷೆಯಲ್ಲಿ ನಪಾಸಾಗಿ ಬಾಗಿಲು ಹಾಕಿಕೊಂಡಾಗ, ಬಾಗಿಲ ಹೊರಗೆ ಫೋನ್ ಇಟ್ಟು ನಿಧಾನವಾಗಿ ಹರಿಯುವ ಹೊಳೆಯ ಹಾಡು ಹಾಕಿ ಅಡುಗೆಮನೆಗೆ ಬಂದಳು. ಹಾಡು ಮುಗಿಯುವಷ್ಟರಲ್ಲಿ ಮಗಳು ಹೊರಗೆ ಬಂದು, "ದೊಡ್ಡಮ್ಮ, ಈ ಹೊಳೆ ಯಾವತ್ತಾದ್ರೂ ಪಾಸಾಗತ್ತಾ?" ಅಂದಳು. ಹೀಗೆ ನಮ್ಮ ಮನೆಯಲ್ಲಿ ಅದೊಂದು ರೂಢಿಯೇ ಆಯಿತು. ದೊಡ್ಡಮ್ಮ ಹಾಡು ಹಾಕಿದಳೆಂದರೆ ಏನೋ ಹೇಳುತ್ತಿದ್ದಾಳೆ ಅಂತ ಅರ್ಥ.

ಬಸ್ಸಿನಲ್ಲಿ ಕೇಳುವವಳು ಮಾತ್ರ ನಾನೊಬ್ಬಳೇ. ಒಂದು ಇಯರ್‌ಫೋನು, ಎರಡು ತುದಿ, ಅವಳಿಗೊಂದು ನನಗೊಂದು. ಇನ್ನೊಬ್ಬರ ಕಿವಿಯ ಗುಗ್ಗೆ ನನ್ನ ಕಿವಿಗೆ ಬೇಡ ಅಂತ ನಾನು ಮೊದಲ ದಿನವೇ ನನ್ನ ತುದಿಗೆ ಕೆಂಪು ದಾರ ಸುತ್ತಿಟ್ಟಿದ್ದೆ. "ಎಂಥಾ ಮಡಿವಂತೆ ನೋಡು, ಊರಿನ ಹೊಲಸು ಮಡಿಸುವ ಕೈ" ಅಂತ ಅಕ್ಕ ನಗುತ್ತಿದ್ದಳು. ಮಡಿಸುವುದು ಒಗೆದ ಮೇಲೆ ಅಂತ ನಾನು ವಾದ ಮಾಡುತ್ತಿದ್ದೆ. ಅಂತೂ ಆ ದಾರದ ತುದಿ ನನ್ನದು, ಇನ್ನೊಂದು ಅವಳದು. ಅದು ಯಾವತ್ತೂ ಅದಲುಬದಲಾಗಲಿಲ್ಲ.

ಕೊನೆಕೊನೆಗೆ, ಅಂದರೆ ಅವಳು ಹೋಗುವುದಕ್ಕೆ ಕೆಲವು ವಾರ ಮುಂಚೆ, ಅಕ್ಕ ಒಂದೇ ಹಾಡನ್ನು ಹಾಕತೊಡಗಿದಳು. ಆ ನರ್ಸರಿಯವಳದೇ, ತುಂಬ ಹಳೆಯದಂತೆ. ನನಗೆ ಕೇಳಿಸುತ್ತಿದ್ದದ್ದು ಬರೀ ಗಿಟಾರ್. ಬಹಳ ದೂರದಲ್ಲಿ, ಪಕ್ಕದ ಮನೆಯಲ್ಲೋ ಏನೋ ಅನ್ನುವ ಹಾಗೆ, ಯಾರೋ ಗುನುಗಿದಂತೆ ಒಂದು ದನಿ. ಇವಳು ಈ ಸಲ ಹಾಡದೆ ಬರೀ ಬಾರಿಸಿದ್ದಾಳೆ ಅಂದುಕೊಂಡೆ. ಎಷ್ಟು ಹಿತವಾಗಿತ್ತು ಅಂದರೆ ಹೇಳಲಾರೆ. ಇಡೀ ದಿನ ಮೆಷಿನ್ ಗುಡುಗು, ಸೂಪರ್‌ವೈಸರ್ ಕೂಗು, ಮನೆಗೆ ಹೋದರೆ ಟಿವಿ. ಯಾರೂ ನನಗೆ ಏನನ್ನೂ ಹೇಳದೆ, ನನ್ನಿಂದ ಏನನ್ನೂ ಕೇಳದೆ ಇರುವ ಹೊತ್ತು ಅಂದರೆ ಆ ಗಿಟಾರ್ ಮಾತ್ರ. ನಾನು ಕಣ್ಣು ಮುಚ್ಚಿ ಕಿಟಕಿಗೆ ಒರಗುತ್ತಿದ್ದೆ.

ಹಾಡು ಮುಗಿದಾಗ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನನ್ಸುತ್ತೆ?"

"ಚೆನ್ನಾಗಿದೆ. ಇನ್ನೊಂದ್ಸಲ ಹಾಕು."

"ಬೇಜಾರಾಗಲ್ವಾ ನಿಂಗೆ?"

"ಯಾಕೆ ಬೇಜಾರು? ನಂಗೆ ಇದೇ ಬೇಕಾಗಿದ್ದು."

"ನಿಜವಾಗ್ಲೂ?"

"ಎಷ್ಟು ಸಲ ಕೇಳ್ತೀಯಾ ಮಾರಾಯ್ತಿ, ಹಾಕು."

ಒಂದು ಸಂಜೆ ಹೀಗೆ ಅಂದಾಗ ಅವಳು ಆ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಎದುರಿನ ಲಾರಿಯ ಹೊಗೆ ಕಣ್ಣಿಗೆ ಹೋಗಿರಬೇಕು ಅಂದುಕೊಂಡು ನಾನು ಕಿಟಕಿ ಮುಚ್ಚಿದೆ. ಆ ಭಾನುವಾರವೇ ಅವಳು ಹೋಗಿದ್ದು.

ಸೋಮವಾರ ಕೆಲಸಕ್ಕೆ ಹೋದರೆ ಅಕ್ಕ ಆಗಲೇ ಬಂದು ಮೇಜಿನ ಆಚೆ ಬದಿ ನಿಂತಿದ್ದಳು. ನನ್ನನ್ನು ನೋಡಿ ನಗಲು ಹೊರಟಳು. ನಾನು ಮುಖ ಗಂಟು ಹಾಕಿಕೊಂಡೆ. ಅವಳ ನಗು ಅಲ್ಲೇ ನಿಂತಿತು. ಬೇರೆ ಯಾವ ಕೆಲಸವಾಗಿದ್ದರೂ ದೂರ ದೂರ ಇರಬಹುದಿತ್ತು. ನಮ್ಮದು ಶೀಟು ಮಡಿಸುವ ಕೆಲಸ. ಜಗ್ಗು, ಮಡಿಸು, ಮುಂದೆ ಬಾ, ಮೂಲೆ ಕೊಡು. ಪ್ರತಿ ಶೀಟಿಗೂ ಅವಳ ಮುಖ ನನ್ನ ಮುಖದ ಹತ್ತಿರ ಬರುತ್ತಿತ್ತು, ಬೆರಳಿಗೆ ಬೆರಳು ತಾಗುತ್ತಿತ್ತು, ನಾನು ಅವಳ ಕಿವಿಯ ಪಕ್ಕದ ಗೋಡೆ ನೋಡುತ್ತಿದ್ದೆ. "ಮನೇಲಿ ಎಲ್ಲಾ ಹುಷಾರಾ?" ಅಂತ ಕೇಳಿದಳು. "ಹೂಂ." "ಅವಳು ಓದ್ತಿದಾಳಾ?" "ಹೂಂ." ಮುಂದಿನ ವಾರ ಕೇಳುವುದನ್ನೂ ಬಿಟ್ಟಳು. ತಿಂಗಳುಗಟ್ಟಲೆ ನಾವು ಹೀಗೆ ಮೂಕರಂತೆ ಮಡಿಸಿದೆವು. ಹಾಡಕ್ಕ ಹಾಡು ಹಾಕುವುದನ್ನೇ ನಿಲ್ಲಿಸಿದ್ದಾಳೆ ಅಂತ ಕ್ಯಾಂಟೀನಿನವಳು ಹೇಳಿದಳು, ಏನೋ ಕಳೆದುಕೊಂಡವಳ ಹಾಗೆ.

ಮನೆಯ ಕಥೆ ಕೇಳಬೇಡಿ. ಯಾವ ಡಬ್ಬಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಗ್ಯಾಸ್ ಮುಗಿಯುವ ಮುಂಚೆ ಹೇಳುವವರಿಲ್ಲ. ನಮ್ಮನೆಯವರು ಕಾಲುಚೀಲ ಹುಡುಕುತ್ತಾ "ಅತ್ತಿಗೇ" ಅಂತ ಅರ್ಧ ಕೂಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವಳು ಮಾಡುತ್ತಿದ್ದದ್ದನ್ನೆಲ್ಲ ಮಾಡಿ ನನ್ನ ಸೊಂಟ ಬಿದ್ದುಹೋಯಿತು. ಹಾಲ್ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು, ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನೀನೇ ಹೋಗಿ ಕರೀ. ನೀನು ಕರೆದ್ರೆ ಬರ್ತಾರೆ," ಅಂದರು ನಮ್ಮನೆಯವರು.

"ಹೇಳದೆ ಕೇಳದೆ ಹೋದವಳನ್ನ ನಾನ್ಯಾಕೆ ಕರೀಲಿ?" ಅಂದೆ.

ಇಯರ್‌ಫೋನನ್ನು ಅವಳು ಒಯ್ದಿರಲಿಲ್ಲ. ನನ್ನ ಕೈಚೀಲದ ಪಕ್ಕದ ಜೇಬಿನಲ್ಲೇ ಇಟ್ಟು ಹೋಗಿದ್ದಳು. ಆ ಗಿಟಾರ್ ಹಾಡನ್ನೂ ಯಾವಾಗಲೋ ನನ್ನ ಫೋನಿಗೆ ಕಳಿಸಿದ್ದಳು. ನಾನು ಹಟಕ್ಕೆ ಬಿದ್ದು ಮುಟ್ಟಿರಲಿಲ್ಲ. ಆದರೆ ಒಂದು ಸಂಜೆ ಎಷ್ಟು ದಣಿದಿದ್ದೆ ಅಂದರೆ ಹಟ ಮಾಡುವುದಕ್ಕೂ ತ್ರಾಣ ಇರಲಿಲ್ಲ. ಬಸ್ಸು ಹತ್ತಿ ಕೂತು, ನನ್ನ ದಾರದ ತುದಿಯನ್ನು ಕಿವಿಗೆ ಇಟ್ಟುಕೊಂಡು ಹಾಡು ಹಾಕಿದೆ. ಪಕ್ಕದಲ್ಲಿದ್ದ ಮಹಾನುಭಾವ ಫೋನಿನಲ್ಲಿ ಯಾರಿಗೋ ಸಿಮೆಂಟಿನ ವಿಷಯ ಕಿರುಚುತ್ತಿದ್ದ. ಗಿಟಾರ್ ಕೇಳಿಸಲೊಲ್ಲದು. ಸಾಯಲಿ ಗುಗ್ಗೆ ಅಂತ ಅಕ್ಕನ ತುದಿಯನ್ನೂ ಇನ್ನೊಂದು ಕಿವಿಗೆ ತುರುಕಿ, ಹಾಡನ್ನು ಮೊದಲಿನಿಂದ ಹಾಕಿದೆ.

ಒಬ್ಬಳು ಹೆಂಗಸು ಕಿವಿಯಲ್ಲೇ ಮಾತಾಡಿದಳು. ಬೆಚ್ಚಿಬಿದ್ದೆ.

"ಇದು ನಾನು ಮೊದಲು ಮಾಡಿದ್ದು," ಅಂದಳು ಅವಳು. "ಅಡುಗೆಮನೇಲಿ ಎರಡು ಮೈಕ್ ಇಟ್ಕೊಂಡು. ಒಂದು ನನ್ನ ಬಾಯಿಗೆ, ಒಂದು ಗಿಟಾರ್‌ಗೆ. ಎರಡನ್ನೂ ಬೆರೆಸೋಕೆ ನಂಗೆ ಬರಲಿಲ್ಲ. ಬಾಯಿ ಒಂದು ಕಡೆ, ಗಿಟಾರ್ ಒಂದು ಕಡೆ, ಹಾಗೇ ಬಿಟ್ಟಿದೀನಿ."

ಆಮೇಲೆ ನನ್ನ ತುದಿಯಲ್ಲಿ ನನಗೆ ಬಾಯಿಪಾಠ ಆಗಿದ್ದ ಆ ಗಿಟಾರ್ ಶುರುವಾಯಿತು. ಅಕ್ಕನ ತುದಿಯಲ್ಲಿ ಹಾಡು ಶುರುವಾಯಿತು.

ಬಾಗಿಲಲ್ಲಿ ನಿಂತಿರುವೆ, ಚಪ್ಪಲಿಯ ಮೆಟ್ಟಿರುವೆ,
ಬೇಡ ಅಂದರೆ ಬಿಚ್ಚಿ ಒಳಬರುವೆ ತಂಗಿ.
ಸಿಟ್ಟೇನೂ ನನಗಿಲ್ಲ, ಸುಸ್ತಾಗಿ ಹೋಯಿತು,
ಒಂದು ಮಾತು ಹೇಳು, ಇರಲೇನು, ಹೋಗಲೇನು?

ನನ್ನ ತುದಿಯನ್ನು ಕಿತ್ತೆ. ಗಿಟಾರ್ ಹೋಯಿತು, ಹೆಂಗಸು ಉಳಿದಳು. ಅದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತೆ. ಹೆಂಗಸು ಹೋದಳು, ನನಗೆ ಗೊತ್ತಿದ್ದ ಹಾಡು ಉಳಿಯಿತು. ಎರಡನ್ನೂ ಇಟ್ಟುಕೊಂಡು ಪೂರ್ತಿ ಕೇಳಿದೆ. ತನ್ನದೊಂದು ಕೋಣೆ ಬೇಕು ಅನ್ನುತ್ತಾಳೆ. ಸೂರ್ಯ ನೆತ್ತಿಗೆ ಬರುವ ತನಕ ಮಲಗಬೇಕು ಅನ್ನುತ್ತಾಳೆ. ನಿನ್ನ ಮಗುವನ್ನು ನಾನೇ ಎತ್ತಿ ಆಡಿಸಿದೆ, ಹೊರಟದ್ದು ನಿನ್ನ ಮೇಲೆ ಪ್ರೀತಿ ಕಮ್ಮಿಯಾಗಿ ಅಲ್ಲ ಅನ್ನುತ್ತಾಳೆ. ಪ್ರತಿ ಚರಣದ ಕೊನೆಗೂ ಅದೇ ಪ್ರಶ್ನೆ, ಇರಲೇನು, ಹೋಗಲೇನು. ಅಯ್ಯೋ ದೇವರೇ ಅಂದುಕೊಂಡೆ. ದಿನಾ ಸಂಜೆ ನನ್ನ ಪಕ್ಕ ಕೂತು ಅವಳು ಕೇಳುತ್ತಿದ್ದದ್ದು ಇದನ್ನು. ದಿನಾ ಸಂಜೆ ನಾನು ಕಣ್ಣು ಮುಚ್ಚಿಕೊಂಡು, ಚೆನ್ನಾಗಿದೆ, ನಂಗೆ ಇದೇ ಬೇಕಾಗಿದ್ದು ಅಂದಿದ್ದೆ.

ನನ್ನ ಸ್ಟಾಪು ಹೋಗಿ ಎಷ್ಟೋ ಹೊತ್ತಾಗಿತ್ತು. ಎಲ್ಲೋ ಇಳಿದು ಹಿಂದಕ್ಕೆ ನಡೆದುಕೊಂಡು ಬಂದೆ. ಸಿಟ್ಟೆಲ್ಲ ಇಳಿದಿತ್ತು, ಅದರ ಜಾಗದಲ್ಲಿ ಒಂದು ಆಸೆ ಹುಟ್ಟಿತ್ತು. ನಾನು ಕೇಳಿಸಿಕೊಂಡೇ ಇಲ್ಲವಲ್ಲ. ಕೇಳಿಸಿಕೊಳ್ಳದೆ ಹೇಳಿದ ಒಪ್ಪಿಗೆ ಲೆಕ್ಕಕ್ಕಿಲ್ಲ. ಹೋಗಿ ನಡೆದದ್ದು ಹೇಳಿದರೆ ಸಾಕು, ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾಳೆ, ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರುತ್ತಾಳೆ. ಈ ಸಲ ಮಗಳ ಕೋಣೆಯಲ್ಲೇ ಅವಳ ಮಂಚ ಹಾಕಿಸಬೇಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಮ್ಮನೆಯವರಿಗೆ ಹೇಳಿದಾಗ, "ಹಾಗಾದ್ರೆ ಭಾನುವಾರಾನೇ ಕರ್ಕೊಂಡು ಬಾ" ಅಂದರು. ಅವರ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

ಭಾನುವಾರ ಮಧ್ಯಾಹ್ನ ಹೋದೆ. ಲಾಂಡ್ರಿಯ ಹಿಂದಿನ ಬೀದಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ರೂಮು. ಬಾಗಿಲು ಬಡಿದೆ. ಸದ್ದಿಲ್ಲ. ಮತ್ತೆ ಬಡಿದೆ. ಬಹಳ ಹೊತ್ತಿನ ಮೇಲೆ ಅಕ್ಕ ಬಾಗಿಲು ತೆಗೆದಳು. ಕೂದಲು ಕೆದರಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಅಷ್ಟು ವರ್ಷ ಒಟ್ಟಿಗಿದ್ದರೂ ಅವಳ ಮುಖ ನಿದ್ದೆಯಿಂದ ಎದ್ದ ಮೇಲೆ ಹೇಗಿರುತ್ತದೆ ಅಂತ ನಾನು ನೋಡಿರಲೇ ಇಲ್ಲ. ಯಾವಾಗಲೂ ಅವಳೇ ಮೊದಲು ಎದ್ದಿರುತ್ತಿದ್ದಳು. ಸ್ವಲ್ಪ ದಪ್ಪ ಆಗಿದ್ದಳು. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಕೆಲಸದಲ್ಲಿ ಗೋಡೆ ನೋಡುತ್ತಾ ನಿಂತವಳಿಗೆ ಇದೆಲ್ಲ ಎಲ್ಲಿ ಕಾಣಬೇಕು.

ಒಳಗೆ ಒಂದು ಸ್ಟೌ, ಎರಡು ಲೋಟ, ಗೂಡಿನಲ್ಲಿ ಭಾವನ ಫೋಟೊ. ನಡುಮಧ್ಯೆ ಆ ಮಂಚ, ಪೂರ್ತಿ ಬಿಚ್ಚಿ, ಯಾರಿಗೂ ಅಡ್ಡವಾಗದೆ. ನಾನು ಅದರ ತುದಿಯಲ್ಲಿ ಕೂತೆ. ತಯಾರು ಮಾಡಿಕೊಂಡು ಬಂದ ಮಾತು ಬಾಯಿಗೆ ಬರುವ ಮೊದಲೇ ಅವಳು ಶುರು ಮಾಡಿದಳು. ಯಾವತ್ತೂ ನೆಟ್ಟಗೆ ಮಾತಾಡದವಳು ಅವತ್ತು ನೆಟ್ಟಗೆ ಮಾತಾಡಿದಳು.

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ಆ ಹಾಡು ಹಾಕಿದಾಗೆಲ್ಲ ನಾನು ನಿನ್ನ ಮುಖ ನೋಡ್ತಿದ್ದೆ. ಒಂದೇ ಒಂದ್ಸಲ ನೀನು ಬೇಡ ಅಕ್ಕ ಅಂದಿದ್ರೆ ನಾನು ಹೊರಡ್ತಿರಲಿಲ್ಲ. ನೀನು ಎ‌ಲ್ಲಾ ಕೇಳಿಸ್ಕೊಂಡು, ಮತ್ತೆ ಹಾಕು ಅಂದೆ. ಹೆತ್ತ ತಾಯಿ ಕೂಡ ಇಷ್ಟು ಸಲೀಸಾಗಿ ಬಿಟ್ಟುಕೊಡಲ್ಲ ಅಂತ ನಾನು ಬಸ್ಸಿನಲ್ಲೇ ಅತ್ತೆ. ಆ ಧೈರ್ಯದ ಮೇಲೇ ಹೊರಟೆ. ಆಮೇಲೆ ನೀನು ಮಾತೇ ಬಿಟ್ಟೆ." ಅವಳು ಸೀರೆಯ ಅಂಚನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. "ಅಂದ್ರೆ ಬಾಯಿಮಾತಿಗೆ ಹೋಗು ಅಂದ್ಯಾ? ಮನಸಲ್ಲಿ ಇರಲಿಲ್ವಾ? ಇದೇ ಯೋಚನೆ ನಂಗೆ. ಇಲ್ಲಿ ಚೆನ್ನಾಗಿ ನಿದ್ದೆ ಬರುತ್ತೆ ಕಣೇ, ಆದ್ರೆ ಎಚ್ಚರ ಆದ ಕೂಡಲೇ ತಪ್ಪು ಮಾಡಿಬಿಟ್ಟೆ ಅನ್ಸುತ್ತೆ. ನಿನ್ನ ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಹೇಳು. ಇವತ್ತೇ ಬರ್ತೀನಿ."

ಇದಕ್ಕಿಂತ ಸುಲಭವಾಗಿ ಯಾರಿಗೆ ಸಿಗುತ್ತದೆ? ಬಾಯಿ ತೆರೆದು ನಿಜ ಹೇಳಿದರೆ ಸಾಕಿತ್ತು. ಸುಳ್ಳಿನ ಅಗತ್ಯವೇ ಇರಲಿಲ್ಲ. ನಾನು ಆ ಹಾಡು ಕೇಳಿಯೇ ಇಲ್ಲ ಅಕ್ಕ, ನನಗೆ ಬರೀ ಗಿಟಾರ್ ಕೇಳಿಸಿತ್ತು, ಕೇಳಿದ್ದರೆ ನಿನ್ನ ಕಾಲು ಹಿಡಿದುಕೊಂಡು ಕೂರುತ್ತಿದ್ದೆ. ಪ್ರತಿಯೊಂದು ಅಕ್ಷರವೂ ಸತ್ಯ. ಹಾಗಂದಿದ್ದರೆ ಅವಳು ಮರುಮಾತಾಡದೆ ಎದ್ದು ಮಂಚ ಮಡಚುತ್ತಿದ್ದಳು. ಮಡಚಿದ ಮಂಚ ಹೇಗೆ ಕಾಣುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

"ಕೇಳಿದ್ದೆ," ಅಂದೆ.

"ಪೂರ್ತಿ?"

"ಪೂರ್ತಿ. ಒಂದೊಂದು ಅಕ್ಷರಾನೂ. ಕೇಳಿಯೇ ಹಾಕು ಅಂದಿದ್ದು."

"ಮತ್ತೆ ಮುಖ ಯಾಕೆ ತಿರುಗಿಸ್ದೆ?"

"ನೀನು ಹೋದ ಮೇಲೆ ಕೆಲಸ ಎಲ್ಲಾ ನನ್ನ ತಲೆ ಮೇಲೆ ಬಿತ್ತಲ್ಲ, ಸಿಟ್ಟು ಬರಲ್ವಾ? ನಾನೇನು ಕಲ್ಲಾ?" ಅಂತ ರೇಗಿದೆ. ರೇಗಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅಳು ಬರುತ್ತಿತ್ತು. "ಹೋಗು ಅಂದಿದ್ದು ಮನಸ್ಸಿಂದಾನೇ. ಇನ್ನು ಅದನ್ನ ಕೆದಕಬೇಡ."

ಅಕ್ಕನ ಭುಜ ಇಳಿದದ್ದು ನನಗೆ ಕಾಣಿಸಿತು. "ಹಾಗಾದ್ರೆ ಸರಿ," ಅಂದಳು. ಟೀ ಮಾಡುತ್ತೇನೆ ಅಂತ ಏಳಹೊರಟವಳನ್ನು ಕೂರಿಸಿ ನಾನು ಮನೆಯ ಸುದ್ದಿ ಹೇಳತೊಡಗಿದೆ. ಮಗಳ ಹೊಸ ಕನ್ನಡಕ, ಸೋರುವ ನಲ್ಲಿ, ಅವಳ ಮೈದುನ ಸುಟ್ಟ ಬಾಣಲೆ. ಅವಳು ಹೂಂ ಹೂಂ ಅನ್ನುತ್ತಾ ದಿಂಬಿಗೆ ಒರಗಿದಳು. ಬಾಣಲೆಯ ಕಥೆ ಮುಗಿಯುವ ಮುಂಚೆ ಹೂಂ ನಿಂತಿತು. ಮಾತಿನ ನಡುವೆಯೇ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು, ಯಾರ ಹೆದರಿಕೆಯೂ ಇಲ್ಲದೆ.

ಕರೆದುಕೊಂಡು ಬಾ ಅಂತ ಮನೆಯವರು ಕಳಿಸಿದ್ದರು, ಕಾಯುತ್ತಿರುತ್ತಾರೆ. ನಾನು ಹೊದಿಕೆಯನ್ನು ಅವಳ ಕಾಲಿನ ಮೇಲೆ ಎಳೆದು, ಸದ್ದು ಮಾಡದೆ ಮೆಟ್ಟಿಲಿಳಿದೆ. ಹೊತ್ತಾಗಿತ್ತು. ಮನೆಗೆ ಹೋಗಿ ಅಡುಗೆ ಮಾಡಬೇಕಿತ್ತು.